ಮುಖವೆಂಬ ಅಮಾನತು

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಸಾವಿರಾರು ಜನ ಮನೆಮಠ ಬಿಟ್ಟು ಓಡಿ ಬಂದಾಗ ನನ್ನ ಅಕ್ಕನ ಮಗಳು ಪತ್ರಿಕೋದ್ಯಮ ಪದವಿಯ ಎರಡನೆಯ ವರ್ಷದಲ್ಲಿದ್ದಳು. ಗೆಳತಿಯರೊಂದಿಗೆ ಅಕ್ಕಿ, ಚಾಪೆ, ಹೊದಿಕೆಗಳನ್ನು ಒಟ್ಟು ಮಾಡಿಕೊಂಡು ಸುಳ್ಯ ತಾಲೂಕಿನ ಒಂದು ಪರಿಹಾರ ಶಿಬಿರಕ್ಕೆ ಹೋದಳು. ಅಲ್ಲಿ ಶಾಲೆಯ ಜಗಲಿಯಲ್ಲಿ ಒಬ್ಬ ಅಜ್ಜ ಗೋಡೆಗೆ ಒರಗಿ ಕುಳಿತು ಅಳುತ್ತಿದ್ದರು. ಸೊಂಟಕ್ಕೊಂದು ಒದ್ದೆ ಪಂಚೆ ಬಿಟ್ಟರೆ ಮೈಮೇಲೆ ಬೇರೇನೂ ಇರಲಿಲ್ಲ. ಆಕೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳು. ಎರಡು ಸಾಲಿನ ವಿವರ ಬರೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಸಂಜೆಯಾಗುವಾಗ ಅದು ಎಷ್ಟು ಗುಂಪುಗಳಿಗೆ ಹೋಗಿತ್ತೋ ಯಾರಿಗೂ ಲೆಕ್ಕವಿರಲಿಲ್ಲ. "ಮಾಮ, ನನ್ನ ಫೋಟೋ ನಿಮಗೂ ಬಂತಾ?" ಎಂದು ಸಂಭ್ರಮದಿಂದ ಫೋನು ಮಾಡಿದ್ದಳು.

ಬಂದಿತ್ತು. ಆದರೆ ಆಕೆ ಬರೆದ ಎರಡು ಸಾಲು ಅದರಲ್ಲಿರಲಿಲ್ಲ. ಯಾರೋ ಅದನ್ನು ತೆಗೆದು, ಒಂದು ಪಕ್ಷದ ಜನಪ್ರತಿನಿಧಿಗೆ ಬೈಯುವ ಮಾತು ಸೇರಿಸಿದ್ದರು. ಇನ್ನೊಂದು ವಾರದಲ್ಲಿ ಅದೇ ಅಜ್ಜ ಬೇರೆ ರಾಜ್ಯದ ನೆರೆ ಸಂತ್ರಸ್ತರಾಗಿ ಮತ್ತೆ ನನ್ನ ಮೊಬೈಲಿಗೆ ಬಂದರು.

ಮೂರು ತಿಂಗಳ ನಂತರ ನಾವಿಬ್ಬರೂ ಆ ಅಜ್ಜನನ್ನು ಹುಡುಕಿಕೊಂಡು ಹೋದೆವು. ಬಾಡಿಗೆ ಮನೆಯಲ್ಲಿದ್ದರು. ಸಿಟ್ಟು ಮಾಡಲಿಲ್ಲ, ಚಹಾ ಕೊಟ್ಟರು. ಹೊರಡುವಾಗ ಒಂದೇ ಮಾತು ಹೇಳಿದರು. "ಮಗಾ, ಆ ಫೋಟೋದಲ್ಲಿ ನನ್ನ ಮೈಮೇಲೆ ಒಂದು ಅಂಗಿ ಇರಲಿಲ್ಲ. ಮೊಮ್ಮಗಳನ್ನು ನೋಡಲು ಬಂದ ನೆಂಟರೂ ಅದನ್ನು ನೋಡಿದ್ದರು."

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ ಮಾತಾಡಲಿಲ್ಲ. ಪುತ್ತೂರು ದಾಟಿದ ಮೇಲೆ ಕೇಳಿದಳು, "ಮಾಮ, ನಾನು ಫೋಟೋ ತೆಗೆದದ್ದೇ ತಪ್ಪಾ?" ನನಗೆ ಆಗ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೂವತ್ತಾರು ಚಿತ್ರಗಳ ಕಾಲ

1975ರಲ್ಲಿ ಅಮೆರಿಕದ ಕೊಡಾಕ್ ಕಂಪೆನಿಯ ಇಂಜಿನಿಯರ್ ಸ್ಟೀವ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾವನ್ನು ತಯಾರಿಸಿದಾಗ ಒಂದು ಕಪ್ಪು ಬಿಳುಪು ಚಿತ್ರ ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡು ಬೇಕಾಗುತ್ತಿತ್ತು. ಇಂದು ಆ 23 ಸೆಕೆಂಡಿನಲ್ಲಿ ಒಂದು ಚಿತ್ರ ತೆಗೆದು, ತಿದ್ದಿ, ಸಾವಿರ ಜನರಿಗೆ ಕಳುಹಿಸಿ ಮೊಬೈಲನ್ನು ಜೇಬಿಗೆ ಹಾಕಿಕೊಳ್ಳಬಹುದು.

ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರಂಥ ಹಿರಿಯ ಛಾಯಾ ಪತ್ರಕರ್ತರು ಕೆಲಸ ಕಲಿತದ್ದು ಬೇರೆಯೇ ಲೋಕದಲ್ಲಿ. ಒಂದು ರೀಲಿನಲ್ಲಿ 36 ಚಿತ್ರ. ಪ್ರತಿಯೊಂದಕ್ಕೂ ಖರ್ಚು. ತೆಗೆದದ್ದು ಹೇಗೆ ಬಂದಿದೆ ಎಂದು ತಿಳಿಯಲು ಕತ್ತಲಕೋಣೆಯಲ್ಲಿ ತೊಳೆಯುವವರೆಗೆ ಕಾಯಬೇಕು. ಹೀಗಾಗಿ ಗುಂಡಿ ಒತ್ತುವ ಮೊದಲು ಯೋಚನೆ ಮಾಡುವುದು ಅವರಿಗೆ ಅನಿವಾರ್ಯವಾಗಿತ್ತು. ಸತ್ಯನ್ ಸಾಮಾನ್ಯ ಜನರ, ಮಕ್ಕಳ ಚಿತ್ರಗಳಿಂದ ಹೆಸರಾದವರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆ ಕಾಲದ ಎಲ್ಲ ಛಾಯಾಗ್ರಾಹಕರೂ ಸಜ್ಜನರಾಗಿದ್ದರು ಎಂದು ಹೇಳುವುದು ಸುಳ್ಳಾದೀತು. ಆದರೆ ಯಂತ್ರವೇ ಅವರನ್ನು ನಿಧಾನ ಮಾಡುತ್ತಿತ್ತು, ಕಚೇರಿಯಲ್ಲಿ ಒಬ್ಬ ಸಂಪಾದಕನಿದ್ದ, ಪತ್ರಿಕೆ ಮರುದಿನ ರದ್ದಿಯಾಗುತ್ತಿತ್ತು. ತಪ್ಪಿಗೂ ಒಂದು ಆಯುಷ್ಯವಿತ್ತು.

ಈಗ ಆ ಮೂರೂ ಇಲ್ಲ. ಯಂತ್ರ ನಿಧಾನ ಮಾಡುವುದಿಲ್ಲ, ನಡುವೆ ಸಂಪಾದಕನಿಲ್ಲ, ಒಮ್ಮೆ ಹೊರಟ ಚಿತ್ರಕ್ಕೆ ಸಾವಿಲ್ಲ. ಹಾಗಾದರೆ ಹಿಂದೆ ಯಂತ್ರ, ಕಚೇರಿ ಮತ್ತು ಕಾಲ ಸೇರಿ ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡಬೇಕು? ಕಲಿಯುವವನ ಮನಸ್ಸೇ ಮಾಡಬೇಕು. ಡಿಜಿಟಲ್ ಯುಗದಲ್ಲಿ ದೃಶ್ಯ ಪತ್ರಿಕೋದ್ಯಮವನ್ನು ಕಲಿಯುವುದು ಸುಲಭವಾಗಿದೆ ಎನ್ನುತ್ತಾರೆ. ಕ್ಯಾಮೆರಾ ಹಿಡಿಯುವುದು, ವಿಡಿಯೋ ಕತ್ತರಿಸುವುದು, ಡ್ರೋನ್ ಹಾರಿಸುವುದು ನಿಜಕ್ಕೂ ಸುಲಭವಾಗಿದೆ. ಯಾವಾಗ ಕೈ ತಡೆಯಬೇಕು ಎನ್ನುವುದನ್ನು ಕಲಿಯುವುದು ಮಾತ್ರ ಹಿಂದೆಂದಿಗಿಂತ ಕಷ್ಟವಾಗಿದೆ.

ಒಪ್ಪಿಸದೆ ಕೈಗೆ ಬಂದದ್ದು

ಅಮಾನತು ಎಂಬ ಪದ ಕೇಳಿದರೆ ಕನ್ನಡದ ಓದುಗರಿಗೆ ಇಂದು ಮೊದಲು ನೆನಪಾಗುವುದು ಸರಕಾರಿ ನೌಕರರ ಅಮಾನತು. ಆದರೆ ಅರಬಿ ಮೂಲದ ಈ ಪದದ ಹಳೆಯ ಅರ್ಥ ನಂಬಿ ಒಪ್ಪಿಸಿದ ವಸ್ತು ಎಂದು. ಹಜ್ಜ್ ಯಾತ್ರೆಗೆ ಹೊರಟವರು ಮನೆಯ ಚಿನ್ನವನ್ನು ನೆರೆಮನೆಯಲ್ಲಿ ಇಟ್ಟು ಹೋಗುತ್ತಿದ್ದ ಕಾಲವಿತ್ತು. ನೆರೆಯವನು ಅದನ್ನು ತೊಡುವಂತಿಲ್ಲ, ಅಡವಿಡುವಂತಿಲ್ಲ, ಅದರ ರೂಪ ಬದಲಿಸುವಂತಿಲ್ಲ. ಕೇಳಿದ ದಿನ ಇದ್ದ ಹಾಗೆಯೇ ಮರಳಿಸಬೇಕು. ಅದು ಅವನ ಕೈಯಲ್ಲಿದ್ದರೂ ಅವನದಲ್ಲ.

ಒಬ್ಬರ ಮುಖ ನನ್ನ ಕ್ಯಾಮೆರಾದಲ್ಲಿರುವುದೂ ಇಂಥದೇ ಸ್ಥಿತಿ. ಕಾನೂನಿನ ಪ್ರಕಾರ ಚಿತ್ರದ ಹಕ್ಕು ತೆಗೆದವನದು ಅಥವಾ ಅವನ ಸಂಸ್ಥೆಯದು ಆಗಿರಬಹುದು. ನೈತಿಕವಾಗಿ ಆ ಮುಖ, ಆ ಕಣ್ಣೀರು, ಆ ಒದ್ದೆ ಪಂಚೆ ತೆಗೆದವನ ಸೊತ್ತಾಗುವುದಿಲ್ಲ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಅಮಾನತು ಎಂದರೆ ಒಪ್ಪಿಸಿದ್ದು. ಆ ಅಜ್ಜ ಏನನ್ನೂ ಒಪ್ಪಿಸಿರಲಿಲ್ಲವಲ್ಲ? ಕೇಳದೆ ತೆಗೆದದ್ದು ಅಮಾನತಾಗುವುದು ಹೇಗೆ? ದಾರಿಯಲ್ಲಿ ಯಾರದೋ ಪರ್ಸು ಬಿದ್ದು ಸಿಕ್ಕಿತೆಂದುಕೊಳ್ಳಿ. ಅದರ ಯಜಮಾನ ಅದನ್ನು ನಮಗೆ ಒಪ್ಪಿಸಿಲ್ಲ. ಆದರೆ ಬಗ್ಗಿ ಎತ್ತಿಕೊಂಡ ಕ್ಷಣದಿಂದ ನಾವು ಅದಕ್ಕೆ ಬಾಧ್ಯರಾಗುತ್ತೇವೆ. ಒಪ್ಪಿಸಿದ ವಸ್ತುವಿಗಿಂತ ಹೀಗೆ ಸಿಕ್ಕಿದ ವಸ್ತುವಿನ ಹೊಣೆ ಹೆಚ್ಚು, ಏಕೆಂದರೆ ಯಜಮಾನನಿಗೆ ಅದು ಯಾರ ಕೈಯಲ್ಲಿದೆ ಎಂಬುದೂ ಗೊತ್ತಿಲ್ಲ. ಪತ್ರಕರ್ತ ತೆಗೆಯುವ ಬಹುಪಾಲು ಚಿತ್ರಗಳು ಹೀಗೆ ಸಿಕ್ಕಿದವು.

ಇಲ್ಲೇ ಡಿಜಿಟಲ್ ಯುಗದ ಮುಖ್ಯ ತೊಡಕು ಇರುವುದು. ಪರ್ಸನ್ನು ಮರಳಿಸಬಹುದು. ರೀಲಿನ ನೆಗೆಟಿವನ್ನೂ ಮರಳಿಸಬಹುದಿತ್ತು, ಸುಡಬಹುದಿತ್ತು. ಕಳುಹಿಸಿದ ಡಿಜಿಟಲ್ ಚಿತ್ರವನ್ನು ಮರಳಿಸಲು ಸಾಧ್ಯವೇ ಇಲ್ಲ. ನನ್ನ ಅಕ್ಕನ ಮಗಳು ಆ ಫೋಟೋವನ್ನು ತನ್ನ ಮೊಬೈಲಿನಿಂದ ಅಳಿಸಿಹಾಕಿದಳು. ಅದರಿಂದ ಅಜ್ಜನಿಗೆ ಆದ ಲಾಭವೇನು? ಮರಳಿಸಲಾಗದ ಅಮಾನತನ್ನು ಕಾಯುವುದು ಹೇಗೆ? ಕಳುಹಿಸುವ ಮೊದಲೇ ಕಾಯಬೇಕು. ಹಿಂದೆ ಪ್ರಕಟಣೆಯ ನಂತರ ಕ್ಷಮೆ, ತಿದ್ದುಪಡಿ, ಸ್ಪಷ್ಟೀಕರಣಗಳಿಗೆ ಜಾಗವಿತ್ತು. ಈಗ ಹೊಣೆಯೆಲ್ಲ ಕಳುಹಿಸುವ ಗುಂಡಿಯ ಈಚೆಗೆ ಬಂದು ನಿಂತಿದೆ.

ಕೈಮುಗಿದ ದರ್ಜಿ

ಒಂದು ಚಿತ್ರ ಮನುಷ್ಯನಿಗೆ ಏನು ಮಾಡಬಲ್ಲದು ಎನ್ನುವುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆಯಿದೆ. 2002ರ ಗುಜರಾತ್ ಗಲಭೆಯ ವೇಳೆ ರಾಯಿಟರ್ಸ್ ಸಂಸ್ಥೆಯ ಅರ್ಕೋ ದತ್ತಾ ಅಹ್ಮದಾಬಾದಿನಲ್ಲಿ ತೆಗೆದ ಕುತುಬುದ್ದೀನ್ ಅನ್ಸಾರಿಯವರ ಚಿತ್ರವನ್ನು ಬಹುತೇಕ ಎಲ್ಲರೂ ನೋಡಿದ್ದೇವೆ. ಕಣ್ಣಲ್ಲಿ ನೀರು, ಜೋಡಿಸಿದ ಕೈಗಳು, ಜೀವ ಉಳಿಸಿ ಎಂದು ಭದ್ರತಾ ಸಿಬ್ಬಂದಿಯನ್ನು ಬೇಡುತ್ತಿರುವ ಒಬ್ಬ ದರ್ಜಿ.

ಆ ಚಿತ್ರ ಜಗತ್ತಿಗೆ ಗುಜರಾತಿನಲ್ಲಿ ಏನಾಗುತ್ತಿದೆ ಎಂದು ಹೇಳಿತು. ಸಾವಿರ ವರದಿಗಳು ಹೇಳಲಾಗದ್ದನ್ನು ಹೇಳಿತು. ಆದರೆ ಅನ್ಸಾರಿಯವರ ಪಾಲಿಗೆ ಅದು ಬೆನ್ನು ಬಿಡದ ನೆರಳಾಯಿತು. ಮಾಲೆಗಾಂವ್‌ಗೆ ಹೋದರೆ ಅಲ್ಲಿಯೂ ಜನ ಗುರುತಿಸಿದರು. ಕೆಲಸ ಕಳೆದುಕೊಂಡರು. ಮುಂದೆ ಕೊಲ್ಕತ್ತಾದಲ್ಲಿ ಆಶ್ರಯ ಪಡೆದರು, ಕೊನೆಗೆ ಅಹ್ಮದಾಬಾದಿಗೇ ಮರಳಿದರು. ಆ ಮುಖವನ್ನು ರಾಜಕೀಯ ಪಕ್ಷಗಳು ಚುನಾವಣಾ ಪ್ರಚಾರಕ್ಕೆ ಬಳಸಿಕೊಂಡವು. 2016ರ ಅಸ್ಸಾಂ ಚುನಾವಣೆಯ ವೇಳೆಗೂ ಅದು ಜಾಹೀರಾತಿನಲ್ಲಿ ಬಂತು. ಯಾರೂ ಅವರನ್ನು ಕೇಳಲಿಲ್ಲ. ಬದುಕಬೇಕೆಂದು ಒಮ್ಮೆ ಕೈಮುಗಿದ ಮನುಷ್ಯ ಜೀವನವಿಡೀ ಕೈಮುಗಿದೇ ನಿಲ್ಲಬೇಕಾಯಿತು.

ಹಾಗಾದರೆ ದತ್ತಾ ಆ ಚಿತ್ರವನ್ನು ತೆಗೆಯಬಾರದಿತ್ತೇ? ನಾನು ಹಾಗೆ ಹೇಳಲಾರೆ. ಆ ಚಿತ್ರವಿಲ್ಲದಿದ್ದರೆ ಅಂಥದ್ದೇನೂ ನಡೆಯಲೇ ಇಲ್ಲ ಎನ್ನುವವರ ಬಾಯಿ ಇನ್ನಷ್ಟು ದೊಡ್ಡದಾಗುತ್ತಿತ್ತು. ಸಾಕ್ಷಿ ಹೇಳುವುದು ಕರ್ತವ್ಯ. ಸಾಕ್ಷಿ ಹೇಳಿದ್ದರಿಂದ ಇನ್ನೊಬ್ಬನಿಗೆ ಆದ ನೋವೂ ನಿಜ. ಈ ಎರಡರಲ್ಲಿ ಒಂದನ್ನು ಸುಳ್ಳು ಮಾಡಿ ಇನ್ನೊಂದನ್ನು ಉಳಿಸಿಕೊಳ್ಳುವುದು ಸುಲಭ. ಎರಡನ್ನೂ ಹೊತ್ತುಕೊಂಡು ನಡೆಯುವುದೇ ಈ ವೃತ್ತಿ. ದತ್ತಾ ಹತ್ತು ವರ್ಷಗಳ ನಂತರ, 2012ರಲ್ಲಿ, ಅನ್ಸಾರಿಯವರನ್ನು ಹುಡುಕಿ ಅವರ ಮನೆಗೆ ಹೋದರು. ನನಗೆ ಆ ಭೇಟಿ ಚಿತ್ರದಷ್ಟೇ ಮುಖ್ಯವೆನಿಸುತ್ತದೆ. ಚಿತ್ರ ತೆಗೆದವನ ಕೆಲಸ ಚಿತ್ರ ಪ್ರಕಟವಾದ ದಿನ ಮುಗಿಯುವುದಿಲ್ಲ ಎಂಬುದನ್ನು ಅದು ಹೇಳುತ್ತದೆ.

ಯಾರ ಖಾಸಗಿತನ?

ಇಷ್ಟು ಹೇಳಿದಾಗ ವೃತ್ತಿಯಲ್ಲಿರುವ ಗೆಳೆಯರು ನಗುತ್ತಾರೆ. ಎಲ್ಲರನ್ನೂ ಕೇಳಿ ತೆಗೆಯಲು ಹೊರಟರೆ ಒಂದು ಸುದ್ದಿಚಿತ್ರವೂ ಸಿಗುವುದಿಲ್ಲ ಎನ್ನುತ್ತಾರೆ. ಲಾಠಿ ಬೀಸುವ ಪೊಲೀಸ್, ಲಂಚ ತೆಗೆದುಕೊಳ್ಳುವ ಅಧಿಕಾರಿ, ಅಂಗಡಿಗೆ ಬೆಂಕಿ ಹಚ್ಚುವ ಗುಂಪು, ಇವರಲ್ಲಿ ಯಾರು ಅನುಮತಿ ಕೊಡುತ್ತಾರೆ?

ಮಾತು ಸರಿಯಾಗಿದೆ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಬಂದೂಕು ಹಿಡಿದ ಅಜ್ಮಲ್ ಕಸಬ್‌ನ ಚಿತ್ರವನ್ನು ಸೆಬಾಸ್ಟಿಯನ್ ಡಿಸೋಜಾ ತೆಗೆದದ್ದು ಅನುಮತಿ ಪಡೆದಲ್ಲ. ಆ ಚಿತ್ರಗಳು ನ್ಯಾಯಾಲಯದಲ್ಲಿ ಸಾಕ್ಷ್ಯವಾದವು, ಡಿಸೋಜಾ ಅಲ್ಲಿ ಸಾಕ್ಷಿ ಹೇಳಿದರು. ಅಧಿಕಾರವನ್ನೋ ಆಯುಧವನ್ನೋ ಹಿಡಿದು ಸಾರ್ವಜನಿಕವಾಗಿ ನಿಂತವನು ಮುಖ ಮರೆಸಿಕೊಳ್ಳುವ ಹಕ್ಕನ್ನು ಕೇಳಲಾರ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಪ್ರಜೆಯನ್ನು ಬಲಾಢ್ಯರಿಂದ ರಕ್ಷಿಸಲು ಬಂದ ಹಕ್ಕು ಅದು. ಬಲಾಢ್ಯರು ತಮ್ಮ ಕೃತ್ಯವನ್ನು ಮುಚ್ಚಿಕೊಳ್ಳುವ ಪರದೆಯಾಗಿ ಅದನ್ನು ಬಳಸಲು ಬಿಡಬಾರದು.

ಆದ್ದರಿಂದ ಕಲಿಯುವವರಿಗೆ ನಾನು ಹೇಳಬಹುದಾದ ಅಳತೆಗೋಲು ಇದು: ಕ್ಯಾಮೆರಾದ ಮುಂದಿರುವವನಿಗೆ ನನ್ನನ್ನು ತಡೆಯುವ ಶಕ್ತಿ ಇದೆಯೇ? ಶಕ್ತಿ ಇದ್ದವನ ಎದುರು ಧೈರ್ಯ ಬೇಕು, ಇಲ್ಲದವನ ಎದುರು ಸಂಕೋಚ ಬೇಕು. ನಮ್ಮಲ್ಲಿ ನಡೆಯುತ್ತಿರುವುದು ಇದರ ತಿರುಗುಮುರುಗು. ಮಂತ್ರಿಯ ಮುಂದೆ ಮೈಕು ಹಿಡಿಯುವಾಗ ಬಾಗುವ ಬೆನ್ನು, ಶವಾಗಾರದ ಮುಂದೆ ಅಳುವ ತಾಯಿಯ ಬಾಯಿಗೆ ಮೈಕು ತುರುಕುವಾಗ ನೆಟ್ಟಗಾಗುತ್ತದೆ.

2022ರ ಫೆಬ್ರವರಿಯಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶದ ನಂತರ ಕರ್ನಾಟಕದ ಶಾಲೆಗಳು ಮತ್ತೆ ತೆರೆದ ದಿನಗಳನ್ನು ನೆನಪಿಸಿಕೊಳ್ಳಿ. ಗೇಟಿನ ಹೊರಗೆ ಶಿಕ್ಷಕಿಯರು, ವಿದ್ಯಾರ್ಥಿನಿಯರು ಬುರ್ಖಾ ತೆಗೆಯುವ ದೃಶ್ಯವನ್ನು ಕ್ಯಾಮೆರಾಗಳು ಸೆರೆಹಿಡಿದು ಮನೆಮನೆಗೆ ತಲುಪಿಸಿದವು. ಹಿಜಾಬ್ ಬಗ್ಗೆ ಓದುಗರ ಅಭಿಪ್ರಾಯ ಏನೇ ಇರಲಿ, ಆ ಹುಡುಗಿಯರು ಪುಸ್ತಕದ ಚೀಲ ಹೊತ್ತು ಶಾಲೆಗೆ ಬಂದಿದ್ದರು, ಸುದ್ದಿಗೋಷ್ಠಿಗಲ್ಲ. ಆದೇಶ ಜಾರಿಯಾಗುತ್ತಿದೆ ಎಂಬುದು ಸುದ್ದಿ. ಅದನ್ನು ಗೇಟಿನಿಂದ, ಬೋರ್ಡಿನಿಂದ, ನಿಂತ ಪೊಲೀಸರಿಂದ, ಹಿಂದಿನಿಂದ ತೆಗೆದ ಒಂದು ಚಿತ್ರದಿಂದ ತೋರಿಸಬಹುದಿತ್ತು. ಅಪ್ರಾಪ್ತ ವಯಸ್ಸಿನ ಹುಡುಗಿಯ ಗಾಬರಿಗೊಂಡ ಮುಖ ಆ ಸುದ್ದಿಗೆ ಏನನ್ನೂ ಸೇರಿಸಲಿಲ್ಲ.

ಈ ಮಾತು ಹೇಳುವಾಗ ನಮ್ಮ ಸಂಘಟನೆಗಳತ್ತಲೂ ಬೆರಳು ತೋರಿಸದೆ ಇರಲಾರೆ. 2020ರ ಲಾಕ್‌ಡೌನ್ ದಿನಗಳಲ್ಲಿ ಒಂದು ಆಹಾರ ಕಿಟ್ಟಿನ ಮೇಲೆ ಐದಾರು ಕೈಗಳಿಟ್ಟು, ನಡುವೆ ತಲೆ ತಗ್ಗಿಸಿದ ಒಬ್ಬ ವಿಧವೆಯನ್ನು ನಿಲ್ಲಿಸಿ ತೆಗೆದ ಫೋಟೋಗಳು ಎಷ್ಟು ಬಂದವು! ಎಲ್ಲ ಧರ್ಮದ, ಎಲ್ಲ ಪಕ್ಷದ ಸಂಘಟನೆಗಳೂ ಇದನ್ನು ಮಾಡಿದವು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ವೇದಿಕೆಯಲ್ಲಿ ಹೇಳುವ ನಾವು, ಬಲಗೈ ಕೊಟ್ಟದ್ದನ್ನು ಎಡಗೈಯ ಮೊಬೈಲಿನಲ್ಲಿ ತೆಗೆದು ಊರಿಗೆಲ್ಲ ಹಂಚಿದೆವು. ಆ ತಾಯಿಯ ಒಪ್ಪಿಗೆ ಕೇಳಿದ್ದೆವು ಎನ್ನಬಹುದು. ಫೋಟೋಗೆ ನಿಲ್ಲದಿದ್ದರೆ ಅಕ್ಕಿ ಸಿಗಲಿಕ್ಕಿಲ್ಲ ಎಂದು ಹೆದರಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ? ಹಸಿದವನ "ಹೂಂ" ಅನ್ನು ಲೆಕ್ಕಕ್ಕೆ ಹಿಡಿಯಬಾರದು.

ಎಲ್ಲಿ ನಿಲ್ಲಬೇಕು

ಸಂಕೋಚ ಎಂದರೆ ಕಣ್ಣು ಮುಚ್ಚುವುದು ಎಂದಾಗಬಾರದು. ಎಲ್ಲಿ ನಿಂತರೆ ಸತ್ಯ ಕಾಣುತ್ತದೆ, ಮನುಷ್ಯನ ಮಾನವೂ ಉಳಿಯುತ್ತದೆ ಎಂದು ಹುಡುಕುವುದೇ ದೃಶ್ಯ ಪತ್ರಕರ್ತನ ವಿದ್ಯೆ.

ದಾನಿಶ್ ಸಿದ್ದೀಕಿ ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ ಸಮೂಹ ಸಂವಹನ ಓದಿ, ಟಿವಿ ವರದಿಗಾರನಾಗಿ ವೃತ್ತಿ ಆರಂಭಿಸಿ, 2010ರಲ್ಲಿ ರಾಯಿಟರ್ಸ್‌ನಲ್ಲಿ ತರಬೇತಿಗೆ ಸೇರಿ ಛಾಯಾಗ್ರಾಹಕರಾದವರು. ಅಂದರೆ ಈ ವಿದ್ಯೆಯನ್ನು ಅವರು ಎರಡನೆಯ ಬಾರಿ, ಮೊದಲಿನಿಂದ ಕಲಿತರು. ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ತಂಡದಲ್ಲಿದ್ದರು. 2021ರ ಏಪ್ರಿಲ್‌ನಲ್ಲಿ ಕೋವಿಡ್ ಎರಡನೆಯ ಅಲೆ ದೆಹಲಿಯನ್ನು ನುಂಗುತ್ತಿದ್ದಾಗ ಸ್ಮಶಾನದಲ್ಲಿ ಸಾಲುಸಾಲಾಗಿ ಉರಿಯುತ್ತಿದ್ದ ಚಿತೆಗಳ ಚಿತ್ರವನ್ನು ಡ್ರೋನ್ ಮೂಲಕ ತೆಗೆದರು. ಶೋಕದ ಕ್ಷಣವನ್ನು ಮಾರಾಟಕ್ಕಿಡಲಾಗಿದೆ ಎಂದು ಆಗ ಆಕ್ರೋಶ ವ್ಯಕ್ತವಾಯಿತು. ಮುಸ್ಲಿಮನೊಬ್ಬ ಹಿಂದೂ ಚಿತೆಗಳ ಚಿತ್ರ ತೆಗೆದನೆಂದು ದೂರಿದವರೂ ಇದ್ದರು.

ಧರ್ಮದ ಮಾತನ್ನು ಬದಿಗಿಡೋಣ, ಅದಕ್ಕೆ ಉತ್ತರ ಬೇಕಿಲ್ಲ. ಶೋಕದ ಖಾಸಗಿತನದ ಪ್ರಶ್ನೆ ಮಾತ್ರ ಗಂಭೀರವಾದದ್ದು. ಅದಕ್ಕೆ ಉತ್ತರ ಆ ಚಿತ್ರದಲ್ಲೇ ಇದೆ. ಅಷ್ಟು ಎತ್ತರದಿಂದ ಯಾವ ಶವದ ಮುಖವೂ ಕಾಣುವುದಿಲ್ಲ, ಯಾವ ಮಗನ ಅಳುವೂ ಗುರುತಾಗುವುದಿಲ್ಲ. ಕಾಣುವುದು ಬೆಂಕಿಯ ಸಾಲು, ಅದಕ್ಕೆ ಅಂಟಿಕೊಂಡಿರುವ ಮನೆಗಳು. ಸಾವಿನ ಸಂಖ್ಯೆಯ ಬಗ್ಗೆ ಅನುಮಾನವಿದ್ದ ದಿನಗಳಲ್ಲಿ ದೇಶ ತಿಳಿಯಬೇಕಾಗಿದ್ದದ್ದು ಅದನ್ನೇ. ಡ್ರೋನ್ ಎಂಬ ಯಂತ್ರ ಇಣುಕಿ ನೋಡಲೂ ಬರುತ್ತದೆ, ಗೌರವದ ದೂರ ಕಾಯಲೂ ಬರುತ್ತದೆ. ಹಾರಿಸುವುದನ್ನು ವಾರದಲ್ಲಿ ಕಲಿಯಬಹುದು, ದೂರವನ್ನು ಕಲಿಯಲು ವರ್ಷಗಳು ಬೇಕು. 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಸಿದ್ದೀಕಿ ಹತರಾದರು. ಕೋವಿಡ್ ಚಿತ್ರಗಳಿಗಾಗಿ ಮರುವರ್ಷ ಅದ್ನಾನ್ ಆಬಿದಿ, ಸನಾ ಇರ್ಷಾದ್ ಮಟ್ಟೂ, ಅಮಿತ್ ದವೆ ಅವರೊಂದಿಗೆ ಸಿದ್ದೀಕಿಗೂ ಮರಣೋತ್ತರವಾಗಿ ಪುಲಿಟ್ಜರ್ ಬಂತು.

ನಮ್ಮ ನೋವಿಗೂ ಸುಳ್ಳು ಬೇಡ

ಚಿತ್ರದಲ್ಲಿರುವವನ ಮಾನ ಕಾಯುವುದು ಅಮಾನತಿನ ಒಂದು ಭಾಗ. ಇದ್ದದ್ದನ್ನು ಇದ್ದ ಹಾಗೆ ಉಳಿಸುವುದು ಇನ್ನೊಂದು.

2018ರಲ್ಲಿ ಮಕ್ಕಳ ಕಳ್ಳರ ವದಂತಿ ದೇಶದಲ್ಲಿ ಹಲವರ ಪ್ರಾಣ ತೆಗೆಯಿತು. ಕರ್ನಾಟಕದಲ್ಲಿ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು, ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಒಬ್ಬ ಯುವ ಇಂಜಿನಿಯರನನ್ನು ಜನ ಹೊಡೆದು ಕೊಂದರು. ಆಗ ಮೊಬೈಲುಗಳಲ್ಲಿ ಹರಿದಾಡುತ್ತಿದ್ದ ಒಂದು ವಿಡಿಯೋ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವುದನ್ನು ತೋರಿಸುತ್ತಿತ್ತು. ಅದು ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಕರಾಚಿಯಲ್ಲಿ ತಯಾರಿಸಿದ ಕಿರುಚಿತ್ರ. ಮೂಲದಲ್ಲಿ ಅವರು ಮಗುವನ್ನು ಮರಳಿ ತಂದು ಬಿಡುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದ್ದರು. ಚಿತ್ರದಲ್ಲಿ ಒಂದು ಸುಳ್ಳನ್ನೂ ಸೇರಿಸಿರಲಿಲ್ಲ, ಸತ್ಯದ ತುದಿಯನ್ನಷ್ಟೇ ಕತ್ತರಿಸಿದ್ದರು. ಕತ್ತರಿ ಆಡಿಸುವುದನ್ನು ಕಲಿಸುವ ಪ್ರತಿಯೊಂದು ತರಗತಿಯಲ್ಲೂ ಈ ಉದಾಹರಣೆಯನ್ನು ಮೊದಲ ದಿನ ಹೇಳಬೇಕು.

2023ರ ಮೇ 28ರಂದು ದೆಹಲಿಯಲ್ಲಿ ಪ್ರತಿಭಟನಾನಿರತ ಕುಸ್ತಿಪಟುಗಳನ್ನು ಬಂಧಿಸಿ ಕರೆದೊಯ್ಯುವಾಗ ವಿನೇಶ್ ಫೋಗಟ್, ಸಂಗೀತಾ ಫೋಗಟ್ ವಾಹನದಲ್ಲಿ ತೆಗೆದ ಸೆಲ್ಫಿಯಲ್ಲಿ ಮುಖಗಳು ಗಂಭೀರವಾಗಿದ್ದವು. ಕೆಲವೇ ಗಂಟೆಗಳಲ್ಲಿ ಅದೇ ಚಿತ್ರದಲ್ಲಿ ಅವರೆಲ್ಲ ನಗುತ್ತಿದ್ದರು. ಕೃತಕ ಬುದ್ಧಿಮತ್ತೆಯ ಒಂದು ಆ್ಯಪ್ ಆ ನಗುವನ್ನು ಅಂಟಿಸಿತ್ತು. ನೊಂದವರ ಮುಖಕ್ಕೆ ನಗು ಅಂಟಿಸುವುದಕ್ಕಿಂತ ದೊಡ್ಡ ಅಮಾನತಿನ ದ್ರೋಹ ಯಾವುದಿದೆ?

ಇವು ಬೇರೆಯವರು ಮಾಡಿದ ತಪ್ಪುಗಳು, ಒಪ್ಪಿಕೊಳ್ಳುವುದು ಸುಲಭ. ಕಷ್ಟವಾಗುವುದು ನಮ್ಮ ಪರವಾಗಿ ಹೇಳಿದ ಸುಳ್ಳನ್ನು ಗುರುತಿಸುವಾಗ. 2006ರ ಆಗಸ್ಟಿನಲ್ಲಿ ಇಸ್ರೇಲ್ ಲೆಬನಾನ್ ಮೇಲೆ ಬಾಂಬು ಸುರಿಸುತ್ತಿದ್ದಾಗ ರಾಯಿಟರ್ಸ್‌ಗೆ ಕೆಲಸ ಮಾಡುತ್ತಿದ್ದ ಅದ್ನಾನ್ ಹಾಜ್ ಬೈರೂತ್‌ನ ಒಂದು ಚಿತ್ರದಲ್ಲಿ ಹೊಗೆಯನ್ನು ಕಂಪ್ಯೂಟರಿನಲ್ಲಿ ಹೆಚ್ಚಿಸಿದ್ದು ಪತ್ತೆಯಾಯಿತು. ರಾಯಿಟರ್ಸ್ ಅವರೊಂದಿಗಿನ ಸಂಬಂಧ ಕಡಿದು, ಅವರ 920 ಚಿತ್ರಗಳನ್ನೂ ಹಿಂತೆಗೆದುಕೊಂಡಿತು. ಬಾಂಬು ಬಿದ್ದದ್ದು ನಿಜ, ಆ ಯುದ್ಧದಲ್ಲಿ ಲೆಬನಾನಿನ ಸಾವಿರಕ್ಕೂ ಹೆಚ್ಚು ಮಂದಿ ಸತ್ತದ್ದೂ ನಿಜ. ಆದರೆ ಒಂದಿಷ್ಟು ಕೃತಕ ಹೊಗೆ, ನಿಜವಾದ ಹೊಗೆಯನ್ನೂ ಅನುಮಾನಿಸಲು ಜನರಿಗೆ ಕಾರಣ ಕೊಟ್ಟಿತು. ಸತ್ಯಕ್ಕೆ ಸುಳ್ಳಿನ ಸಹಾಯ ಬೇಕಿಲ್ಲ ಎಂಬುದು ನೀತಿಯ ಮಾತಷ್ಟೇ ಆಗಿ ಉಳಿದಿಲ್ಲ, ಅನುಭವದ ಮಾತೂ ಆಗಿದೆ.

2024ರ ಮೇ ತಿಂಗಳಲ್ಲಿ ಗಾಝಾದ ರಫಾದಲ್ಲಿ ಡೇರೆಗಳ ಮೇಲೆ ದಾಳಿ ನಡೆದಾಗ ಎಲ್ಲರ ಕಣ್ಣು ರಫಾದ ಮೇಲೆ ಎಂಬ ಅರ್ಥದ ಇಂಗ್ಲಿಷ್ ಬರಹವಿದ್ದ ಚಿತ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ 4 ಕೋಟಿಗೂ ಹೆಚ್ಚು ಮಂದಿ ಹಂಚಿಕೊಂಡರು. ನಮ್ಮಲ್ಲಿ ಅನೇಕರು ಹಂಚಿಕೊಂಡೆವು. ಸಾಲುಸಾಲು ಡೇರೆಗಳು, ದೂರದಲ್ಲಿ ಹಿಮದ ಶಿಖರಗಳು. ರಫಾದಲ್ಲಿ ಹಿಮದ ಶಿಖರಗಳಿಲ್ಲ. ಅದು ಕೃತಕ ಬುದ್ಧಿಮತ್ತೆ ತಯಾರಿಸಿದ ಚಿತ್ರ. ಅದರಲ್ಲಿ ಒಬ್ಬನೇ ಒಬ್ಬ ಮನುಷ್ಯನಿರಲಿಲ್ಲ, ರಕ್ತವಿರಲಿಲ್ಲ, ಹೆಸರಿರಲಿಲ್ಲ. ಹಂಚಿದವರ ಕಳಕಳಿ ಪ್ರಾಮಾಣಿಕವಾದದ್ದೇ. ಆದರೆ ಆ ನೆಲದಲ್ಲಿ ನಿಜವಾದ ಚಿತ್ರ ತೆಗೆಯುತ್ತಾ ನೂರಕ್ಕೂ ಹೆಚ್ಚು ಪತ್ರಕರ್ತರು ಪ್ರಾಣ ಕಳೆದುಕೊಂಡಿದ್ದಾರೆ. ಅವರ ಚಿತ್ರಗಳನ್ನು ಬಿಟ್ಟು ಯಾರೂ ನೋಡದ, ಯಾರೂ ತೆಗೆಯದ ಚಿತ್ರವನ್ನು ನಾವು ಆರಿಸಿಕೊಂಡದ್ದೇಕೆ? ಅದು ನಮ್ಮನ್ನು ನೋಯಿಸುವುದಿಲ್ಲ ಎಂಬ ಕಾರಣಕ್ಕೇ?

ಇದರ ಪಕ್ಕದಲ್ಲಿ ರಾಯಿಟರ್ಸ್‌ನ ಮುಹಮ್ಮದ್ ಸಾಲಿಂ 2023ರ ಅಕ್ಟೋಬರ್ 17ರಂದು ಖಾನ್ ಯೂನಿಸ್‌ನ ನಾಸಿರ್ ಆಸ್ಪತ್ರೆಯಲ್ಲಿ ತೆಗೆದ ಚಿತ್ರವನ್ನು ಇಟ್ಟು ನೋಡಿ. ಇನಾಸ್ ಅಬೂ ಮಅಮರ್ ಎಂಬ ಮಹಿಳೆ ಬಿಳಿ ಬಟ್ಟೆಯಲ್ಲಿ ಸುತ್ತಿದ, ಸೋದರನ ಐದು ವರ್ಷದ ಮಗಳು ಸಾಲಿಯನ್ನು ಅಪ್ಪಿಕೊಂಡಿದ್ದಾರೆ. ಇಬ್ಬರ ಮುಖವೂ ಕಾಣುವುದಿಲ್ಲ. 2024ರಲ್ಲಿ ಅದು ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆಯ ವರ್ಷದ ಚಿತ್ರವಾಯಿತು. ಇದಕ್ಕೆ ದಿನಾಂಕವಿದೆ, ಜಾಗವಿದೆ, ಹೆಸರುಗಳಿವೆ, ಅಲ್ಲಿ ನಿಂತಿದ್ದ ಒಬ್ಬ ಸಾಕ್ಷಿಯಿದ್ದಾನೆ. ಯಂತ್ರ ಎಷ್ಟೇ ಸುಂದರವಾದ ಚಿತ್ರವನ್ನು ಸೃಷ್ಟಿಸಲಿ, ಅದು ಅಲ್ಲಿ ನಿಂತಿರಲಿಲ್ಲ. ಸಾಕ್ಷಿ ಹೇಳಲು ಅಲ್ಲಿ ಇದ್ದಿರಬೇಕು.

ಹೆಸರು ಕೇಳುವುದು

1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದ ಹಸಿರು ಕಣ್ಣಿನ ಅಫ್ಘಾನ್ ಹುಡುಗಿಯ ಚಿತ್ರ 1985ರ ಜೂನ್ ತಿಂಗಳ ನ್ಯಾಷನಲ್ ಜಿಯೋಗ್ರಾಫಿಕ್ ಮುಖಪುಟದಲ್ಲಿ ಬಂತು. ಜಗತ್ತಿನ ಅತಿ ಪರಿಚಿತ ಮುಖಗಳಲ್ಲಿ ಒಂದಾಯಿತು. ಆಕೆಯ ಹೆಸರು ಶರ್ಬತ್ ಗುಲ ಎಂದು ಜಗತ್ತಿಗೆ ತಿಳಿದದ್ದು 2002ರಲ್ಲಿ. ಕಣ್ಣಿನ ಬಣ್ಣ ತಿಳಿದ ಎಷ್ಟೋ ವರ್ಷಗಳ ಮೇಲೆ ಹೆಸರು ತಿಳಿಯಿತು. ಆಕೆಯನ್ನು 2016ರಲ್ಲಿ ಪಾಕಿಸ್ತಾನದಲ್ಲಿ ನಕಲಿ ಗುರುತಿನ ಚೀಟಿಯ ಆರೋಪದಲ್ಲಿ ಬಂಧಿಸಿ ಅಫ್ಘಾನಿಸ್ತಾನಕ್ಕೆ ಕಳುಹಿಸಲಾಯಿತು. ಜಗತ್ತೆಲ್ಲ ಗುರುತಿಸುವ ಮುಖಕ್ಕೆ ಗುರುತಿನ ಚೀಟಿ ಇರಲಿಲ್ಲ!

ಹೆಸರು ಕೇಳುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಹೆಸರು ಕೇಳಬೇಕಾದರೆ ಹತ್ತಿರ ಹೋಗಬೇಕು, ಕುಳಿತುಕೊಳ್ಳಬೇಕು, ನಾನು ಯಾರು, ಇದನ್ನು ಎಲ್ಲಿಗೆ ಕಳುಹಿಸುತ್ತೇನೆ ಎಂದು ಹೇಳಬೇಕು. ಅಷ್ಟರಲ್ಲಿ ಎದುರಿನವನು ವಸ್ತುವಾಗಿ ಉಳಿಯದೆ ಮನುಷ್ಯನಾಗುತ್ತಾನೆ. ಹೆಸರು ಪ್ರಕಟಿಸಿದರೆ ಅಪಾಯವಿದ್ದಲ್ಲಿ ಪ್ರಕಟಿಸುವುದು ಬೇಡ, ಆದರೆ ಕೇಳದೆ ಇರುವುದು ಬೇಡ. ನಾವು ಹೆಸರು ಕೇಳಿದ್ದರೆ ಆ ಅಜ್ಜ ತಾವಾಗಿಯೇ ಹೇಳುತ್ತಿದ್ದರೇನೋ, "ಸ್ವಲ್ಪ ನಿಲ್ಲು ಮಗಾ, ಒಂದು ಅಂಗಿ ಹಾಕಿಕೊಳ್ಳುತ್ತೇನೆ" ಎಂದು. ನಾವೇ ಹೊತ್ತೊಯ್ದ ಬಟ್ಟೆಯ ಗಂಟಿನಲ್ಲಿ ಅಂಗಿಗಳೂ ಇದ್ದವು.

ಈಗ ಅಕ್ಕನ ಮಗಳ ಪ್ರಶ್ನೆಗೆ ಬರುತ್ತೇನೆ. ಫೋಟೋ ತೆಗೆದದ್ದು ತಪ್ಪಲ್ಲ ಮಗಳೇ. ಆ ವರ್ಷ ಕೊಡಗಿನ ನೋವನ್ನು ನಾಡು ನೋಡಬೇಕಾಗಿತ್ತು, ನೋಡಿದ್ದರಿಂದಲೇ ಅಷ್ಟು ಅಕ್ಕಿ, ಅಷ್ಟು ಬಟ್ಟೆ ಹರಿದು ಬಂತು. ತೆಗೆದ ಮೇಲೆ ಅವರ ಬಳಿ ಹೋಗದೆ, ಹೆಸರು ಕೇಳದೆ, ತೋರಿಸದೆ, ಕಳುಹಿಸಿಬಿಟ್ಟದ್ದು ತಪ್ಪು. ಅದು ನಿನ್ನೊಬ್ಬಳ ತಪ್ಪೂ ಅಲ್ಲ. ಎರಡು ವರ್ಷ ಪಾಠ ಹೇಳಿದವರು ಬೆಳಕಿನ ಬಗ್ಗೆ, ಚೌಕಟ್ಟಿನ ಬಗ್ಗೆ ಹೇಳಿದ್ದರು. ಹತ್ತಿರ ಹೋಗಿ ಕುಳಿತುಕೊಳ್ಳುವುದನ್ನು ಹೇಳಿರಲಿಲ್ಲ. ಆ ಫೋಟೋ ನನ್ನ ಮೊಬೈಲಿಗೆ ಬಂದಾಗ ನಾನೂ ಇನ್ನಿಬ್ಬರಿಗೆ ಕಳುಹಿಸಿದ್ದೆ ಎಂಬುದನ್ನು ಈಗ ಹೇಳಿಬಿಡುತ್ತೇನೆ.

ಅವಳು ಈಗ ಈ ವೃತ್ತಿಯಲ್ಲೇ ಇದ್ದಾಳೆ. ಕಳೆದ ವರ್ಷ ಒಂದು ಚಿತ್ರವನ್ನು ಪ್ರಕಟಣೆಗೆ ಕಳುಹಿಸುವ ಮೊದಲು ನನಗೆ ತೋರಿಸಿದಳು. ಮೀನು ಮಾರುವ ಒಬ್ಬ ತಾಯಿಯ ಚಿತ್ರ. ಕೆಳಗೆ ಹೆಸರು, ವಯಸ್ಸು, ಊರು, ತಾರೀಕು, ಮೂಲ ಫೈಲು ಎಲ್ಲಿದೆ ಎಂಬ ಟಿಪ್ಪಣಿ ಇತ್ತು. ಕೊನೆಯಲ್ಲಿ ಪತ್ರಿಕೆಗೆ ಬೇಡವಾದ, ತನಗೇ ಬರೆದುಕೊಂಡ ಒಂದು ಪದವಿತ್ತು: "ತೋರಿಸಿದ್ದೇನೆ."